ಪಕ್ಕದ ತಾಲ್ಲೂಕಿನ ದೊಡ್ಡ ಗಂಟಲು

ಚನ್ನರಾಯಪಟ್ಟಣದವರು ಎಂಬುದೊಂದೇ ನಮಗೆ ಸಾಕಾಗಿತ್ತು. ಸಿ. ಅಶ್ವಥ್ ದುಡಿದದ್ದು ಬೆಂಗಳೂರಿನಲ್ಲಿ, ಹೆಸರು ಮಾಡಿದ್ದೂ ಅಲ್ಲೇ. ಆದರೆ 1939ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ನಮ್ಮ ಹಾಸನ ಜಿಲ್ಲೆಯಲ್ಲಿ. ನಮ್ಮೂರು ಬೂವನಹಳ್ಳಿಯಿಂದ ಬಿ.ಎಂ. ರಸ್ತೆಗೆ ಬಂದು ಬೆಂಗಳೂರು ಕಡೆಯ ಬಸ್ಸು ಹತ್ತಿದರೆ ಶಾಂತಿಗ್ರಾಮ ದಾಟಿ ಮುಂದಿನ ದೊಡ್ಡ ಊರೇ ಸಿ.ಆರ್. ಪಟ್ಣ. ಅಷ್ಟು ಹತ್ತಿರದವರು ರೇಡಿಯೊದಲ್ಲಿ ಹಾಡುತ್ತಾರೆ, ಸಿನಿಮಾಕ್ಕೆ ಸಂಗೀತ ಮಾಡುತ್ತಾರೆ ಅಂದರೆ ನಮ್ಮ ಕೇರಿಯ ಹುಡುಗರಿಗೆ ಅದು ಸ್ವಂತ ಆಸ್ತಿ. ಮೈಸೂರಿನಿಂದ ಬಂದ ಯಾರೋ ನೆಂಟರು ಮೈಸೂರು ಅನಂತಸ್ವಾಮಿ ನಮ್ಮವರು ಅಂತ ಕೊಚ್ಚಿಕೊಂಡರೆ, ನಮ್ಮ ಭಾವ ಎದೆಯುಬ್ಬಿಸಿ, ‘ಅಶ್ವಥ್ ನಮ್ಮೋರು ಕಣ್ರೀ, ಪಕ್ಕದ ತಾಲ್ಲೂಕು’ ಅನ್ನುತ್ತಿದ್ದ. ಭಾವ ಅವರನ್ನು ಅದುವರೆಗೆ ದೂರದಿಂದಲೂ ನೋಡಿರಲಿಲ್ಲ.

ಈ ಭಾವ ನನ್ನ ಸೋದರತ್ತೆಯ ಮಗ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅತ್ತೆಯ ಮನೆ ನಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಹಾಗಾಗಿ ಅವನ ಹಾಡು, ಅವನ ಗಿಟಾರು, ಅವನು ಅತ್ತೆಯ ಕೈಲಿ ತಿನ್ನುತ್ತಿದ್ದ ಬೈಗುಳ ಎಲ್ಲವೂ ನಮ್ಮ ಹಜಾರಕ್ಕೇ ಬಂದು ಬೀಳುತ್ತಿದ್ದವು. ನಮ್ಮ ಊರಿಂದ ಗಾಯಕ ಅಂತ ಯಾರಾದರೂ ಬಂದಿದ್ದರೆ ಅದು ಅವನೊಬ್ಬನೇ. ಕ್ಯಾಸೆಟ್ ಬರಲಿಲ್ಲ, ಪೇಪರಿನಲ್ಲಿ ಫೋಟೊ ಬರಲಿಲ್ಲ. ಆದರೂ ಅಶ್ವಥ್ ಅವರ ಬಗ್ಗೆ ನನಗೆ ತಿಳಿದದ್ದೆಲ್ಲ ಅವನ ಮೂಲಕವೇ ತಿಳಿದದ್ದು. ಅವರನ್ನು ನೆನೆದರೆ ಇವನು ನೆನಪಾಗುತ್ತಾನೆ, ಇವನನ್ನು ನೆನೆದರೆ ಅವರು.

ಮನೆಯಲ್ಲಿ ಹಾಡಿಗೇನೂ ಬರವಿರಲಿಲ್ಲ. ಅಜ್ಜಿಯ ಕಾಲಕ್ಕೆ ಬೀಸುವ ಕಲ್ಲಿನ ಕೆಲಸ ನಿಂತು ಮಿಲ್ಲು ಬಂದಿತ್ತು. ಆದರೂ ಬೀಸುವಾಗಿನ ಪದಗಳು ಅವಳ ಬಾಯಲ್ಲಿ ಉಳಿದಿದ್ದವು. ಅವರೆಕಾಯಿ ಸುಲಿಯುವಾಗ, ಕಾಳು ಹಿಸುಕುವಾಗ ತಂತಾನೆ ಹೊರಡುತ್ತಿದ್ದವು. ಮದುವೆ ಮನೆಯಲ್ಲಿ ಸೋಬಾನೆ ಶುರುವಾದರೆ ಅವಳೇ ಮೊದಲು. ನಮ್ಮ ಜಿಲ್ಲೆಯೇ ಹಾಗೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಕೂಡಿಹಾಕಿ ಪುಸ್ತಕ ಮಾಡಿದ್ದು ಈ ಹೇಮಾವತಿ ದಂಡೆಯವರ ಬಾಯಿಂದ ಕೇಳಿಯೇ. ಸಕಲೇಶಪುರದ ಎಸ್.ಕೆ. ಕರೀಂಖಾನ್ ಊರೂರು ಅಲೆದು ಪದ ಸಂಗ್ರಹಿಸಿ ‘ಜಾನಪದ ಜಂಗಮ’ ಅನ್ನಿಸಿಕೊಂಡರು. ಅರಕಲಗೂಡಿನ ಹೆಸರು ಅನಕೃ ಅವರ ಹೆಸರಿನಲ್ಲೇ ಸೇರಿಹೋಗಿದೆ. ಅವರಂತೂ ಸಂಗೀತಕ್ಕಾಗಿ ಎಷ್ಟು ಪುಟ ಬರೆದರೋ ಲೆಕ್ಕವಿಲ್ಲ. ಇಷ್ಟೆಲ್ಲ ಇದ್ದರೂ ಹಾಡುವುದು ಒಂದು ಕೆಲಸ, ಹಾಡಿಕೊಂಡೂ ಒಬ್ಬ ಮನುಷ್ಯ ಬದುಕಬಹುದು ಅನ್ನುವುದು ನಮ್ಮ ಮನೆಯವರ ತಲೆಗೆ ಎಂದೂ ಹೋಗಲಿಲ್ಲ. ಹಾಡು ಹೆಂಗಸರದ್ದು, ಇಲ್ಲದಿದ್ದರೆ ದಾಸಯ್ಯನದ್ದು. ಗಂಡು ಹುಡುಗ ಹಾಡಿದರೆ, ‘ಓದ್ಕೊಳಕ್ಕಾಗಕಿಲ್ವೇನ್ಲಾ?’

ಭಾವನಿಗೆ ಹುಚ್ಚು ಹತ್ತಿಸಿದ್ದು ಕ್ಯಾಸೆಟ್ಟು. 1978ರಲ್ಲಿ ‘ನಿತ್ಯೋತ್ಸವ’ ಬಂತು. ನಿಸಾರ್ ಅಹಮದರ ಕವಿತೆ, ಅನಂತಸ್ವಾಮಿಯವರ ಸಂಗೀತ, ಕನ್ನಡದಲ್ಲಿ ಭಾವಗೀತೆಗಳ ಮೊದಲ ಕ್ಯಾಸೆಟ್ಟು. ನಮ್ಮೂರಿಗೆ ಅದು ತಲುಪುವ ಹೊತ್ತಿಗೆ ಎಂಬತ್ತರ ದಶಕ ನಡೆಯುತ್ತಿತ್ತು. ಯಾರದೋ ಮಗ ಗಲ್ಫಿನಿಂದ ತಂದ ಟೂ-ಇನ್-ವನ್ ಊರಿನಲ್ಲಿ ಮೂರ್ನಾಲ್ಕು ಮನೆ ಸುತ್ತುತ್ತಿತ್ತು. ಹಾಸನದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ರೆಕಾರ್ಡಿಂಗ್ ಅಂಗಡಿಗಳಿದ್ದವು. ಬಿಳಿ ಹಾಳೆಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವರು, ಅರವತ್ತು ನಿಮಿಷಕ್ಕೆ ಒಂದು ರೇಟು, ತೊಂಬತ್ತಕ್ಕೆ ಒಂದು. ಪಟ್ಟಿಯಲ್ಲಿ ಭಾವ ರಾಜ್‌ಕುಮಾರ್ ಹಾಡು ಬರೆಯುತ್ತಿದ್ದ, ಅತ್ತೆಗಾಗಿ ಎರಡು ದೇವರನಾಮ ಬರೆಯುತ್ತಿದ್ದ, ಉಳಿದ ಜಾಗಕ್ಕೆಲ್ಲ ‘ಅಶ್ವಥ್, ಯಾವುದಾದರೂ’. ಅಂಗಡಿಯವನಿಗೆ ಇವನ ಪಟ್ಟಿ ಕಂಡರೆ ನಗು. ಅರ್ಧ ಹಾಡಿಗೇ ಟೇಪು ಮುಗಿದು ಕಟ್ಟೆಂದು ನಿಲ್ಲುತ್ತಿತ್ತು. ಆ ಅರ್ಧ ಹಾಡನ್ನು ಅಷ್ಟಕ್ಕೇ ಬಾಯಿಪಾಠ ಮಾಡಿ ಹಾಡಿದವರು ನಾವು. ಪೂರ್ತಿ ಹಾಡು ಮುಂದೆ ಸಿಕ್ಕಾಗ, ಇನ್ನೂ ಎರಡು ಚರಣ ಇದ್ದವಾ ಅಂತ ಬೆರಗು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ಲು ತೂರಿಸಿ ಸುತ್ತುವ ಕೆಲಸ ನನ್ನದು. ಸುಕ್ಕಾದ ಭಾಗದಲ್ಲಿ ಅಶ್ವಥ್ ಅವರ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಅದನ್ನೂ ಗಮಕ ಅಂದುಕೊಂಡು ಭಾವ ಅನುಕರಣೆ ಮಾಡಿದ್ದುಂಟು.

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಹಾಡುಗಳು ನಮಗೆ ದಕ್ಕಿದ್ದು ಹೀಗೆಯೇ. ಪುಸ್ತಕ 1942ರದ್ದು; ನಮ್ಮ ಮೇಷ್ಟ್ರುಗಳು ಓದಿ ಮೆಚ್ಚಿದವರು. ಆದರೆ ನವಿಲೂರು, ಹೊನ್ನೂರು, ಮಾವನ ಮನೆ, ನಾಚುವ ಹೆಂಡತಿ ಇವೆಲ್ಲ ಟ್ಯೂಬ್‌ಲೈಟಿನ ಕೆಳಗೆ ಮದುವೆ ಊಟಕ್ಕೆ ಕೂತವರ ಕಿವಿಗೂ ಬಿದ್ದದ್ದು ಹಾಡಾದ ಮೇಲೆ. ನನಗೆ ಯಾವಾಗಲೂ ಅನ್ನಿಸುವುದೊಂದಿದೆ. ನರಸಿಂಹಸ್ವಾಮಿಗಳ ಊರು ಕಿಕ್ಕೇರಿ. ಶ್ರವಣಬೆಳಗೊಳದಿಂದ ಕೃಷ್ಣರಾಜಪೇಟೆ ಕಡೆಗೆ ಹೋಗುವ ದಾರಿಯಲ್ಲಿದೆ. ಕವಿ ಒಂದು ಜಿಲ್ಲೆ, ಹಾಡುಗಾರ ಇನ್ನೊಂದು ಜಿಲ್ಲೆ ಅಂತ ನಕ್ಷೆ ಹೇಳುತ್ತದೆ. ನೆಲ ಮಾತ್ರ ಒಂದೇ, ತೆಂಗು ರಾಗಿ ಕೆರೆ ಏರಿ ಎಲ್ಲ ಒಂದೇ. ಆ ಕವಿತೆಗಳಲ್ಲಿ ಅತ್ತೆ ಮಾವ ಮಾತಾಡುವ ಧಾಟಿ ಅಶ್ವಥ್ ಅವರಿಗೆ ಹುಟ್ಟಿನಿಂದ ಗೊತ್ತಿದ್ದದ್ದು. ಅದಕ್ಕೇ ಅವರ ರಾಗಗಳಲ್ಲಿ ಮಾತು ಎಲ್ಲಿಯೂ ಮುರಿಯುವುದಿಲ್ಲ. ಮಾತಾಡುತ್ತ ಮಾತಾಡುತ್ತ ಹಾಡಿಗೆ ಏರಿಬಿಡುತ್ತಾರೆ.

ಇನ್ನು ಆ ದನಿ. ಅದನ್ನು ಮಧುರ ಅಂತ ಯಾರೂ ಕರೆಯಲಾರರು. ಪಿ.ಬಿ. ಶ್ರೀನಿವಾಸ್ ಕೇಳಿ ಬೆಳೆದ ನಮ್ಮ ಅಪ್ಪ, ‘ಇವ್ರು ಹಾಡ್ತಾರೋ, ಜಗಳಾಡ್ತಾರೋ’ ಅಂತಿದ್ದರು. ಗಣಪತಿ ಪೆಂಡಾಲಿನಲ್ಲಿ ಅಶ್ವಥ್ ಹಾಡು ಹಾಕಿದರೆ, ಅವರು ತಾರಕಕ್ಕೆ ಹೋದಾಗಲೆಲ್ಲ ಕಂಬಕ್ಕೆ ಕಟ್ಟಿದ ಹಾರ್ನು ಗೊರಗೊರ ಅನ್ನುತ್ತಿತ್ತು. ಮೈಕ್‌ಸೆಟ್ಟಿನವನು ಓಡಿ ಬಂದು ವಾಲ್ಯೂಮು ಇಳಿಸುವನು, ಅವನು ಆಚೆ ಹೋದಾಗ ಹುಡುಗರು ಏರಿಸುವರು. ಆದರೆ ಅಪ್ಪ ಜಗಳ ಅಂದದ್ದರಲ್ಲೇ ವಿಷಯವಿತ್ತು. ಹೊಲದ ಆ ತುದಿಯಿಂದ ಈ ತುದಿಗೆ ಕೂಗಿ ಕರೆಯುವ ಗಂಟಲು ಅದು. ದೇವಗಿರಿ ಶಂಕರ ಜೋಶಿಯವರ ಬಳಿ ಹಿಂದೂಸ್ತಾನಿ ಕಲಿತಿದ್ದರೂ ಅವರು ಆ ಗಂಟಲನ್ನು ಉಜ್ಜಿ ನುಣುಪು ಮಾಡಿಕೊಳ್ಳಲಿಲ್ಲ. ಕವಿತೆ ಹಾಡಲು ಹೂವಿನಂಥ ಕಂಠ ಬೇಕು ಅಂತ ನಂಬಿದ್ದ ಕಾಲದಲ್ಲಿ, ಒರಟು ಗಂಟಲಿನವನಿಗೂ ಕುವೆಂಪು ಬೇಂದ್ರೆ ಸಲ್ಲುತ್ತಾರೆ ಅಂತ ತೋರಿಸಿಕೊಟ್ಟರು. ಭಾವನಂಥವರು ನೂರಾರು ಊರುಗಳಲ್ಲಿ ಬಾಯಿಬಿಟ್ಟದ್ದು ಆ ಧೈರ್ಯದ ಮೇಲೆ. ಹಾಗೆ ಬಾಯಿಬಿಟ್ಟವರಲ್ಲಿ ಎಲ್ಲರಿಗೂ ಶ್ರುತಿ ಇತ್ತು ಅಂತ ನಾನು ಹೇಳಲಾರೆ.

ಗಿಟಾರು ಬಂದದ್ದು ಭಾವ ಹಾಸನದ ಕಾಲೇಜಿಗೆ ಸೇರಿದ ಮೇಲೆ. ಅಲ್ಲಿ ಇಂಜಿನಿಯರಿಂಗ್ ಓದುವ ಹುಡುಗರ ಸಹವಾಸವಾಯಿತು. ಬೇರೆ ಬೇರೆ ರಾಜ್ಯದಿಂದ ಬಂದವರು. ಅವರಲ್ಲಿ ಒಬ್ಬ ಓದು ಮುಗಿಸಿ ಊರಿಗೆ ಹೊರಟಾಗ ತನ್ನ ಹಳೇ ಗಿವ್ಸನ್ ಗಿಟಾರನ್ನು ಸಿಕ್ಕಿದ ಬೆಲೆಗೆ ಮಾರಿದ. ಭಾವ ಆಲೂಗೆಡ್ಡೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ಎತ್ತಿಟ್ಟುಕೊಂಡು ಅದನ್ನು ತಂದ. ಬಸ್ಸಿನ ಟಾಪಿನ ಮೇಲೆ ಹಾಕಲು ಮನಸ್ಸು ಬರದೆ ತೊಡೆಯ ಮೇಲೆ ಕೂರಿಸಿಕೊಂಡು ಬಂದನಂತೆ. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದನಂತೆ. ಅತ್ತೆ ಅದನ್ನು ನೋಡಿ, ‘ಇದೇನ್ಲಾ, ಹೊಟ್ಟೆಗೆ ತೂತು ಬಿದ್ದಿರೋ ತಂಬೂರಿ’ ಅಂದಳು. ಗೂಡಿನಲ್ಲಿ ಇಡಬೇಡ, ಇಲಿ ಮರಿ ಹಾಕ್ತದೆ ಅಂತ ಎಚ್ಚರಿಕೆಯನ್ನೂ ಕೊಟ್ಟಳು. ಒಂದು ಮಳೆಗಾಲ ಇಲಿ ನಿಜವಾಗಿಯೂ ಒಳಗೆ ಸಂಸಾರ ಹೂಡಿತ್ತು.

ಕಲಿಸುವವರು ಯಾರೂ ಇರಲಿಲ್ಲ. ಆ ಇಂಜಿನಿಯರಿಂಗ್ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬೆರಳಿಡುವ ಜಾಗಗಳನ್ನು ಚುಕ್ಕಿ ಹಾಕಿ ಬರೆದುಕೊಟ್ಟಿದ್ದ, ಅಷ್ಟೆ. ಭಾವ ಹಗ್ಗ ಹೊಸೆದು ಗಟ್ಟಿಯಾದ ಬೆರಳಿನವನು. ಆದರೂ ಮೊದಲ ತಿಂಗಳು ತುದಿಗಳು ಸೀಳಿ ಅರಿಶಿನ ಹಚ್ಚಿಕೊಂಡು ಓಡಾಡಿದ. ಒಂದು ದಿನ ಸಂಜೆ ಅವನು ಎ ಮೈನರ್ ಒಂದನ್ನೇ ಬಾರಿಸುತ್ತ ಶಿಶುನಾಳ ಶರೀಫರ ಪದವೊಂದನ್ನು ಅದರ ಮೇಲೆ ಕೂರಿಸಿ ಹಾಡಿದ. ಮನೆಯ ಮಾಳಿಗೆ ಸೋರುತ್ತದೆ ಅನ್ನುವ ಪದ. ಒಂದೇ ಪಟ್ಟು, ಒಂದೇ ಹೊಡೆತ. ಬದಲಾಯಿಸಬೇಕಾದ ಜಾಗ ಬಂದಾಗ ಬೆರಳು ಹೋಗದೆ ಹಾಡನ್ನೇ ಒಂದು ಕ್ಷಣ ನಿಲ್ಲಿಸಿ, ಬೆರಳು ಸರಿಮಾಡಿಕೊಂಡು ಮುಂದುವರಿದ. ಅಜ್ಜಿ ಪಡಸಾಲೆಯಲ್ಲಿ ಕೂತಿದ್ದವಳು, ‘ಏಕ್ತಾರಿ ಹಂಗೇ ಐತಲ್ಲೋ’ ಅಂದಳು. ಅದು ಸರಿಯಾದ ಮಾತು. ಶರೀಫರ ಪದಗಳಿಗೆ ಹತ್ತಾರು ಕಾರ್ಡು ಬೇಕಿಲ್ಲ. ಏಕತಾರಿ ಮೀಟಿಕೊಂಡು, ಬೀದಿಯಲ್ಲಿ ನಿಂತು, ದಮ್ಮಡಿ ತಟ್ಟಿಕೊಂಡು ಹಾಡಿದ ಪದಗಳು ಅವು. ಗಿಟಾರಿನ ಆರು ತಂತಿಯಲ್ಲಿ ನಾಲ್ಕು ತಂತಿ ಸುಮ್ಮನಿದ್ದರೂ ಅವಕ್ಕೆ ಸಾಕು.

ಶರೀಫರು (1819–1889) ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಧಾರವಾಡದ ಕಡೆ ಭಜನೆ ಮನೆಗಳಲ್ಲಿ ಅವರ ಪದ ಮೊದಲಿಂದಲೂ ಇತ್ತು. ಹಳೇ ಮೈಸೂರಿನ ನಮಗೆ ಅವರು ಯಾರು ಅಂತಲೇ ಗೊತ್ತಿರಲಿಲ್ಲ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಹುಡುಕಿ ತಿದ್ದಿ ಕೊಟ್ಟರು, ಅಶ್ವಥ್ ಅವಕ್ಕೆ ಗಂಟಲು ಕೊಟ್ಟರು. ಆಮೇಲೆ ನೋಡಿ, ಹಾಸನದ ಆಟೊ ಡ್ರೈವರುಗಳೂ ಶರೀಫಜ್ಜನ ಭಾಷೆಯಲ್ಲಿ ಹಾಡತೊಡಗಿದರು. ಕೋಡಗವನ್ನು ಕೋಳಿ ನುಂಗುವುದು ಹೇಗೆ ಅಂತ ನಮ್ಮ ಅರಳಿಕಟ್ಟೆಯಲ್ಲಿ ವಾದ ನಡೆದಿದೆ. ಒಬ್ಬರು ಅದು ವೇದಾಂತ ಅಂದರು, ಇನ್ನೊಬ್ಬರು ಅಮಲಿನಲ್ಲಿ ಬರೆದದ್ದು ಅಂದರು. 1990ರಲ್ಲಿ ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದಾಗ ಹಾಸನಕ್ಕೆ ಹೋಗಿ ನೋಡಿದೆವು. ಶರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್. ಶ್ರೀಧರ್ ತುಟಿ ಆಡಿಸಿದಾಗೆಲ್ಲ ಭಾವ ನನ್ನ ಪಕ್ಕೆಗೆ ತಿವಿದು, ‘ಅಶ್ವಥ್’ ಅನ್ನುತ್ತಿದ್ದ, ನನಗೆ ಗೊತ್ತಿಲ್ಲವೇನೋ ಅನ್ನುವ ಹಾಗೆ. ರಾಷ್ಟ್ರೀಯ ಭಾವೈಕ್ಯದ ಚಿತ್ರ ಅಂತ ಅದಕ್ಕೆ ನರ್ಗಿಸ್ ದತ್ ಪ್ರಶಸ್ತಿ ಬಂತು. ಮುಂದೆ ನಾಗಾಭರಣ–ಅಶ್ವಥ್ ಜೋಡಿಯೇ ‘ಮೈಸೂರ ಮಲ್ಲಿಗೆ’ ಮಾಡಿತು, ಅದರ ಗೀತರಚನೆಗೆ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ. ‘ಚಿನ್ನಾರಿ ಮುತ್ತ’, ‘ನಾಗಮಂಡಲ’ ಕೂಡ ಆ ಜೋಡಿಯದ್ದೇ. ‘ನಾಗಮಂಡಲ’ದ ಹಾಡುಗಳನ್ನು ಕೇಳಿದರೆ ಉತ್ತರ ಕರ್ನಾಟಕದ ಹೆಂಗಸರು ಕಟ್ಟೆಯ ಮೇಲೆ ಕೂತು ಹಾಡಿದ ಹಾಗೇ ಇದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತವರು ಅದನ್ನು ಹಿಡಿದದ್ದು ಸಣ್ಣ ವಿಷಯವಲ್ಲ.

ಅಶ್ವಥ್ ಸಿನಿಮಾದವರು ಅಂತ ಮಾತ್ರ ತಿಳಿದವರಿಗೆ ಅವರ ಅರ್ಧ ಬದುಕು ಗೊತ್ತಿಲ್ಲ. ಅವರು ಐಟಿಐ ನೌಕರರು. ದೂರವಾಣಿನಗರದ ಆ ಟೆಲಿಫೋನ್ ಕಾರ್ಖಾನೆಯಲ್ಲಿ 27 ವರ್ಷ ಕೆಲಸ ಮಾಡಿದರು. ನಾಟಕಗಳಿಗೆ ಸಂಗೀತ ಕೊಟ್ಟದ್ದು ಆಗಲೇ. ಮಾಸ್ತಿಯವರ ‘ಕಾಕನಕೋಟೆ’ ರಂಗದ ಮೇಲೆ ಬಂದು, ಸಿ.ಆರ್. ಸಿಂಹ ಅದನ್ನೇ ಸಿನಿಮಾ ಮಾಡಿದಾಗ ಇವರದ್ದೇ ಸಂಗೀತ. ಕಾಡಿನ ಜನರ ಬೆಳಗನ್ನು ಹಾಡಿದ ಆ ದನಿ ಇವತ್ತಿಗೂ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೇಳುತ್ತದೆ. ಆಮೇಲೆ ವೈದಿ ಜೊತೆ ಸೇರಿ ‘ಅಶ್ವಥ್–ವೈದಿ’ ಅಂತ ಜೋಡಿ ಹೆಸರಾಯಿತು. ವೈದಿ ಅಂದರೆ ಎಲ್. ವೈದ್ಯನಾಥನ್, ಪಿಟೀಲಿನ ಎಲ್. ಸುಬ್ರಹ್ಮಣ್ಯಂ ಅವರ ಅಣ್ಣ. ‘ಮಾಲ್ಗುಡಿ ಡೇಸ್’ ಸಂಗೀತವೂ ವೈದಿಯವರದ್ದೇ. ‘ಸ್ಪಂದನ’, ‘ನಾರದ ವಿಜಯ’, ‘ಅನುಪಮ’, ‘ಆಲೆಮನೆ’ ಇಬ್ಬರೂ ಸೇರಿ ಮಾಡಿದ್ದು. ‘ಆಲೆಮನೆ’ಯಲ್ಲಿ ದೊಡ್ಡರಂಗೇಗೌಡರು ಬರೆದು ಎಸ್ಪಿಬಿ ಹಾಡಿದ ಹಾಡೊಂದು ನಮ್ಮ ಹಳ್ಳಿಗಳಲ್ಲಿ ಎಷ್ಟು ಪ್ರೇಮಪತ್ರಗಳಿಗೆ ಒದಗಿತೋ! ನಮಗಂತೂ ಆಲೆಮನೆ ಅಂದರೆ ಕಬ್ಬಿನ ಹಾಲು, ಬಿಸಿ ಬೆಲ್ಲ, ರಾತ್ರಿಯ ಬೆಂಕಿ. ಸಿನಿಮಾ ಹೆಸರಿಗೇ ನಾವು ಸೋತಿದ್ದೆವು.

ಹಗಲು ಕಾರ್ಖಾನೆ, ಸಂಜೆ ಹಾರ್ಮೋನಿಯಂ. ಇದನ್ನು ಕೆಲವರು ಅರೆಮನಸ್ಸಿನ ಕಲಾವಿದನ ಲಕ್ಷಣ ಅಂತಾರೆ. ನನಗೆ ಅದು ತಿರುವುಮುರುವಾಗಿ ಕಾಣುತ್ತದೆ. ತಿಂಗಳ ಸಂಬಳ ಇದ್ದದ್ದಕ್ಕೇ ಅವರು ಯಾವ ನಿರ್ಮಾಪಕನ ಮನೆ ಬಾಗಿಲಲ್ಲೂ ನಿಲ್ಲಬೇಕಾಗಲಿಲ್ಲ. ತನಗೆ ಬೇಕಾದ ಕವಿತೆ ಆರಿಸಿದರು, ಬೇಕಾದಷ್ಟು ದಿನ ತಿದ್ದಿದರು. ಹೊಟ್ಟೆಪಾಡಿಗೆ ಹಾಡಬೇಕಾಗಿದ್ದಿದ್ದರೆ ಶರೀಫರನ್ನು ಯಾವ ಲೆಕ್ಕದಲ್ಲಿ ಮುಟ್ಟುತ್ತಿದ್ದರು? ಭಾವ ಈ ಸಂಗತಿಯನ್ನು ಯಾವುದೋ ವಾರಪತ್ರಿಕೆಯ ಸಂದರ್ಶನದಲ್ಲಿ ಓದಿ ಬಂದು ನನಗೆ ಹೇಳಿದ್ದು ನೆನಪಿದೆ. ಆಗ ಅವನಿಗೆ ಬೆಂಗಳೂರಿನ ಒಂದು ಆರ್ಕೆಸ್ಟ್ರಾದಿಂದ ಕರೆ ಬಂದಿತ್ತು. ರಾತ್ರಿಗಿಷ್ಟು ಅಂತ ಕೊಡುವವರು, ಹಿಂದಿ ಹಾಡುಗಳು, ಊರೂರು ತಿರುಗಾಟ. ಇನ್ನೊಂದು ಕೈಯಲ್ಲಿ ಸರ್ಕಾರಿ ಗುಮಾಸ್ತೆ ಕೆಲಸದ ಆರ್ಡರು. ಮನೆಯವರೆಲ್ಲ ಗುಮಾಸ್ತೆ ಕೆಲಸದ ಪರವಾಗಿ ನಿಂತಿದ್ದರು, ಅವನು ಯಾರ ಮಾತೂ ಕೇಳುತ್ತಿರಲಿಲ್ಲ. ‘ಅಶ್ವಥ್‌ಗೇ ಸಂಬಳ ಬೇಕಿತ್ತಂತೆ ಕಣಯ್ಯಾ, ನಂದೇನು!’ ಅಂತ ಕೊನೆಗೆ ಅವನೇ ಹೇಳಿ ಕೆಲಸಕ್ಕೆ ಸೇರಿದ. ಅತ್ತೆ ದೇವರಿಗೆ ಹರಕೆ ತೀರಿಸಿದಳು. ಅಶ್ವಥ್ ಅವರಿಗೆ ಸಲ್ಲಬೇಕಾದ ಹಣ್ಣುಕಾಯಿ ಅದು.

ಕೆಲಸಕ್ಕೆ ಸೇರಿದ ಮೇಲೆ ಅವನು ಹಾಡಿದ್ದೇ ಹೆಚ್ಚು. ವಿಮಾನ ನಿಲ್ದಾಣಕ್ಕೆ ಅಂತ ನಮ್ಮೂರ ಬಳಿ ನೆಲ ಗುರುತು ಮಾಡಿದ್ದರಲ್ಲ, ಆ ಬಯಲಿನಲ್ಲಿ ಪ್ರಾಕ್ಟೀಸು. ವಿಮಾನ ಬರುತ್ತೆ, ಬರುತ್ತೆ ಅಂತ ದಶಕಗಳು ಕಳೆದವು. ಅಷ್ಟರಲ್ಲಿ ಅಲ್ಲಿ ಕ್ರಿಕೆಟ್ಟು ಆಯಿತು, ದನ ಮೇಯ್ದವು, ನಮ್ಮ ಹಾಡೂ ಆಯಿತು. ಭಾವನ ಗಿಟಾರು, ಭಜನೆ ಮನೆಯವನೊಬ್ಬನ ತಬಲ, ಕೋರಸ್ಸಿಗೆ ನಾನೂ ಇನ್ನಿಬ್ಬರೂ. ಗಣಪತಿ ಹಬ್ಬ, ರಾಜ್ಯೋತ್ಸವ, ಯಾರದಾದರೂ ಮದುವೆಯ ಹಿಂದಿನ ರಾತ್ರಿ. ಶಾಂತಿಗ್ರಾಮ, ದುದ್ದ, ಹೊಳೆನರಸೀಪುರದ ಕಡೆಯ ಹಳ್ಳಿಗಳು. ಸಂಭಾವನೆ ಅಂತ ಕೊಡುತ್ತಿದ್ದದ್ದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಅದರ ಕೆಳಗೆ ಮಡಿಸಿಟ್ಟ ಒಂದು ನೋಟು. ನೋಟು ಯಾವ ಬಣ್ಣದ್ದು ಅಂತ ದಾರಿಯಲ್ಲಿ ಬೀದಿದೀಪದ ಕೆಳಗೆ ಬಿಚ್ಚಿ ನೋಡುತ್ತಿದ್ದೆವು.

ಅರಕಲಗೂಡು ತಾಲ್ಲೂಕಿನ ಒಂದು ಊರಿನಲ್ಲಿ ರಾಜ್ಯೋತ್ಸವಕ್ಕೆ ಹೋಗಿದ್ದಾಗ ಎರಡನೇ ಹಾಡಿಗೇ ತಂತಿ ಹರಿಯಿತು. ಸಣ್ಣ ತಂತಿ, ಎಲ್ಲಕ್ಕಿಂತ ಕೆಳಗಿನದು. ಬದಲಿ ತಂತಿ ಹಾಸನದಲ್ಲೇ ಸಿಗುತ್ತಿರಲಿಲ್ಲ, ಅರಕಲಗೂಡಿನಲ್ಲಿ ಎಲ್ಲಿ? ಭಾವ ಐದು ತಂತಿಯಲ್ಲೇ ಮುಂದುವರಿಸಿದ. ಅದಾಗಿ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮೈಕಿಲ್ಲ, ಲೈಟಿಲ್ಲ. ಆಗ ಅವನು ಗಿಟಾರು ಪಕ್ಕಕ್ಕಿಟ್ಟು ಎದ್ದು ನಿಂತು ಬರೀ ಗಂಟಲಲ್ಲಿ ಹಾಡಿದ. ಜೊತೆಗೆ ತಬಲ. ಆ ದಿನ ಅಶ್ವಥ್ ಯಾಕೆ ಹಾಗೆ ಹಾಡುತ್ತಾರೆ ಅಂತ ನನಗೆ ಅರ್ಥವಾಯಿತು. ಮೈಕು ಇಲ್ಲದ ಕಾಲದಲ್ಲಿ ಸಾವಿರ ಜನರಿಗೆ ಕೇಳಿಸುವ ಹಾಗೆ ಹಾಡಿದವರ ವಂಶದ್ದು ಆ ದನಿ. ಹಿಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಬಂದು, ‘ಆ ಡಬ್ಬ ಇಲ್ದೇನೇ ಚೆಂದಾಗಿ ಹಾಡ್ತೀಯಲ್ಲಪ್ಪ, ಯಾಕೆ ಹೊತ್ಕಂಡು ತಿರುಗ್ತೀಯ?’ ಅಂದರು. ಭಾವನನ್ನು ಆ ಮಾತು ಒಂದು ವಾರ ಕಾಡಿತು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆದಾಗ ಭಾವ ರಜೆ ಹಾಕಿ ಹೋಗಿದ್ದ. ಲಕ್ಷದ ಲೆಕ್ಕದಲ್ಲಿ ಜನ. ಭಾವಗೀತೆ ಕೇಳಲು ಅಷ್ಟು ಜನ ಸೇರುತ್ತಾರೆ ಅಂತ ಯಾರು ನಂಬಬೇಕು? ನಾನು ಟಿವಿಯಲ್ಲಿ ತುಣುಕು ನೋಡಿದೆ. ಜುಬ್ಬಾ, ಹೆಗಲ ಮೇಲೆ ಶಾಲು, ಎರಡೂ ಕೈ ಮೇಲೆತ್ತಿ ಜನರನ್ನೇ ಹಾಡಿಗೆ ಎಳೆಯುತ್ತಿದ್ದರು. ಭಾವ ಬಂದು ಹೇಳಿದ್ದು ಬೇರೆ ಕಥೆ. ಅವನ ಪಕ್ಕದಲ್ಲಿ ನಿಂತಿದ್ದವನು ಸಿ.ಆರ್. ಪಟ್ಣದವನಂತೆ. ಇಬ್ಬರೂ ಊರಿನ ಗುರುತು ಹೇಳಿಕೊಂಡು, ಅಶ್ವಥ್ ತಮ್ಮವರು ಅಂತ ಸುತ್ತ ನಿಂತವರಿಗೆಲ್ಲ ಸಾರಿ ಹೇಳಿ, ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಕಡೇ ಬಸ್ಸು ತಪ್ಪಿಸಿಕೊಂಡು ಬೆಳಗಿನ ತನಕ ಹಾಡಿನ ವಿಷಯವೇ ಮಾತಾಡಿದರಂತೆ. ಕೊನೆಯ ವರ್ಷಗಳಲ್ಲಿ ಅಶ್ವಥ್ ಹಾಡುಗಳಲ್ಲಿ ಆರ್ಭಟ ಜಾಸ್ತಿಯಾಗಿತ್ತು ಅನ್ನುವವರಿದ್ದಾರೆ. ನನಗೂ ಹಳೆಯ ಕ್ಯಾಸೆಟ್ಟಿನ ಆಲಾಪವೇ ಇಷ್ಟ. ಭಾವನ ಮುಂದೆ ಮಾತ್ರ ಅದನ್ನು ಹೇಳುವ ಹಾಗಿಲ್ಲ.

2009ರ ಡಿಸೆಂಬರ್ 29ಕ್ಕೆ ಅಶ್ವಥ್ ಹೋದರು. ಎಪ್ಪತ್ತು ತುಂಬಿದ ಹುಟ್ಟುಹಬ್ಬದ ದಿನವೇ. ಮಾರನೇ ದಿನ ಬೆಳಗಾಗುವಷ್ಟರಲ್ಲಿ ಮೈಸೂರಿನಿಂದ ವಿಷ್ಣುವರ್ಧನ್ ಸುದ್ದಿ ಬಂತು. ಅಂಗಡಿ ಮುಚ್ಚಿದವು, ಬಸ್ಸು ನಿಂತವು, ಟಿವಿಯಲ್ಲಿ ಬೇರೆ ಏನೂ ಇಲ್ಲ. ಅಷ್ಟು ದೊಡ್ಡ ಗಂಟಲಿನ ಮನುಷ್ಯನ ಸಾವು ಆ ಗದ್ದಲದಲ್ಲಿ ಮುಳುಗಿಹೋಯಿತು ಅಂತ ಭಾವ ಈಗಲೂ ಕೊರಗುತ್ತಾನೆ. ವಿಷ್ಣು ಮೇಲೆ ಅವನಿಗೆ ಪ್ರೀತಿ ಕಡಿಮೆಯೇನಲ್ಲ, ‘ನಾಗರಹಾವು’ ಎಷ್ಟು ಸಲ ನೋಡಿದ್ದಾನೋ. ಆದರೂ, ಇನ್ನೊಂದು ದಿನ ಬಿಟ್ಟು ಹೋಗಬಾರದಿತ್ತೇ ಅನ್ನುತ್ತಾನೆ. ಯಾರನ್ನು ಕುರಿತು ಅನ್ನುತ್ತಾನೋ ಗೊತ್ತಿಲ್ಲ.

ಅವನ ಇನ್ನೊಂದು ಕೊರಗು ನಾಡಗೀತೆಯದು. ಕುವೆಂಪು ಗೀತೆಗೆ ಅಶ್ವಥ್ ಒಂದು ಧಾಟಿ ಹಾಕಿದ್ದರು, ಅನಂತಸ್ವಾಮಿಯವರದ್ದು ಇನ್ನೊಂದು. ಯಾವುದು ಸರಿ ಅಂತ ವರ್ಷಗಟ್ಟಲೆ ಎಳೆದಾಟವಾಗಿ, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷಕ್ಕೆ ಹಾಡಬೇಕು ಅಂತ ಆದೇಶ ಮಾಡಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು, 2024ರಲ್ಲಿ ಅರ್ಜಿ ವಜಾ ಆಯಿತು. ನೋಡಿ, ಮತ್ತೆ ಕಿಕ್ಕೇರಿ. ನನ್ನ ಪ್ರಕಾರ ಸರ್ಕಾರ ಮಾಡಿದ್ದು ಸರಿ. ಶಾಲೆಯ ಮಕ್ಕಳು ಬಿಸಿಲಲ್ಲಿ ನಿಂತು ಹಾಡಬೇಕಾದ್ದು ಸಲೀಸಾಗಿರಬೇಕು, ಅನಂತಸ್ವಾಮಿಯವರದ್ದು ಹಾಗಿದೆ. ಅಶ್ವಥ್ ಧಾಟಿ ಹಾಡಲು ಅಶ್ವಥ್ ಬೇಕು. ಈ ವಿಷಯಕ್ಕೆ ನಾನೂ ಭಾವನೂ ಒಂದು ಯುಗಾದಿ ಮಾತು ಬಿಟ್ಟಿದ್ದೆವು. ಹೋಳಿಗೆ ಬಡಿಸುವಾಗ ಅಕ್ಕ ಮಧ್ಯೆ ಬಂದು ಸರಿಮಾಡಿದಳು. ಅಕ್ಕ ಅಂದರೆ ನನ್ನ ಅಕ್ಕನೇ, ಅವನ ಹೆಂಡತಿ. ಗಿಟಾರು ನಮ್ಮ ಹಜಾರಕ್ಕೆ ಕೇಳುತ್ತಿದ್ದದ್ದರ ಫಲ ಅದು.

ಅವರ ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಅವನಿಗೆ ಶರೀಫರು ಗೊತ್ತಾದದ್ದು ಅಪ್ಪನಿಂದಲ್ಲ, ರಘು ದೀಕ್ಷಿತ್ ಅವರಿಂದ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕೊರಳಿಗೆ ಗಿಟಾರು ನೇತುಹಾಕಿಕೊಂಡು ಹಾಡುವ ಮೈಸೂರಿನ ಆ ಗಾಯಕ ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ತಾನೇ ರಾಗ ಹಾಕಿ, ತಾನೇ ತಂಡ ಕಟ್ಟಿ, ಕಂಪನಿಗಳು ಬಾಗಿಲು ಹಾಕಿದರೂ ಕಾದು, 2008ರಲ್ಲಿ ಮೊದಲ ಆಲ್ಬಮ್ ತಂದರು. ಅದರಲ್ಲಿ ಶರೀಫರ ಎರಡು ಪದಗಳಿದ್ದವು, ಒಂದು ಗುಡುಗುಡಿಯದ್ದು, ಇನ್ನೊಂದು ಸೋರುವ ಮಾಳಿಗೆಯದ್ದು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮಕ್ಕೆ ಹೋದರು, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಪಡೆದರು. ಶಿಶುನಾಳದ ಮಾಳಿಗೆ ಲಂಡನ್ನಿನಲ್ಲೂ ಸೋರಿತು.

ಹುಡುಗ ಹಬ್ಬಕ್ಕೆ ಬಂದಾಗ ಫೋನಿನಲ್ಲಿ ಅದನ್ನು ಹಾಕಿ ಅಪ್ಪನ ಮುಂದೆ ಹಿಡಿದ. ಭಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಅವನು ಬೈಯುತ್ತಾನೆ ಅಂತ ನಾನು ಕಾದಿದ್ದೆ.

‘ಎರಡು ಕಾರ್ಡ್ ಜಾಸ್ತಿ ಹಾಕವ್ರೆ,’ ಅಂದ.

‘ಚೆನ್ನಾಗಿಲ್ವಾ ಅಪ್ಪ?’

‘ಚೆನ್ನಾಗಿಲ್ಲ ಅಂದ್ನಾ? ನಾನೂ ಹಾಕ್ತಿದ್ದೆ, ಬೆರಳು ಹೋಗ್ತಿರ್ಲಿಲ್ಲ.’

ಆಮೇಲೆ ಅಟ್ಟದ ಮೇಲಿನ ಗಿವ್ಸನ್ ಕೆಳಗಿಳಿಯಿತು. ಕತ್ತಿನ ಹತ್ತಿರ ಸೀಳಿತ್ತು, ಮೂರು ತಂತಿ ತುಕ್ಕು ಹಿಡಿದಿದ್ದವು. ಹುಡುಗ ಅಲ್ಲೇ ಫೋನಿನಲ್ಲಿ ಹೊಸ ತಂತಿಗೆ ಆರ್ಡರ್ ಹಾಕಿದ. ನಾಳಿದ್ದು ಬೂವನಹಳ್ಳಿಗೇ ತಂದುಕೊಡುತ್ತಾರೆ ಅಂದದ್ದಕ್ಕೆ ಭಾವ ನಂಬಲಿಲ್ಲ. ‘ಅರಕಲಗೂಡಿಗೂ ಕೊಡ್ತಾರಾ?’ ಅಂತ ಕೇಳಿದ. ಕೊಡುತ್ತಾರೆ ಅಂದ ಹುಡುಗ. ಹಂಗಾದ್ರೆ ಇನ್ನೊಂದು ಸೆಟ್ ಹೇಳು, ಸಣ್ಣ ತಂತಿ ಬೇಗ ಹರೀತದೆ ಅಂದ ಭಾವ.